ಕ್ಯಾಮೆರಾಕ್ಕಿಂತ ಮೊದಲು ಒಂದು ಟಿಟ್ಟಿಭ

ಪ್ರಶ್ನೆ: ನಾನು ಗದಗಿನಲ್ಲಿ ಬ್ಯಾಂಕ್ ಉದ್ಯೋಗಿ. ಕಳೆದ ಚಳಿಗಾಲದಲ್ಲಿ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳನ್ನು ಕಂಡಂದಿನಿಂದ ಪಕ್ಷಿವೀಕ್ಷಣೆಯ ಆಸೆ ಹತ್ತಿದೆ. ಓದಿದ್ದು ವಾಣಿಜ್ಯ, ಜೀವಶಾಸ್ತ್ರ ಗೊತ್ತಿಲ್ಲ. ಹೆಸರುಗಳನ್ನು ಬಾಯಿಪಾಠ ಮಾಡಲು ಹೋಗಿ ಸೋತೆ. ಒಳ್ಳೆಯ ಕ್ಯಾಮೆರಾ ಕೊಳ್ಳಬೇಕೆ? ಎಲ್ಲಿಂದ ಶುರು ಮಾಡಲಿ?

ಉತ್ತರ: ಕ್ಯಾಮೆರಾ ಸದ್ಯಕ್ಕೆ ಬೇಡ. ಅದು ಕೈಯಲ್ಲಿದ್ದರೆ ಚಿತ್ರ ಸಿಕ್ಕಿತೇ ಎಂಬ ಚಿಂತೆಯೇ ದೊಡ್ಡದಾಗಿ, ಹಕ್ಕಿ ಏನು ಮಾಡುತ್ತಿತ್ತು ಎಂಬುದು ಕಣ್ತಪ್ಪುತ್ತದೆ. ಹಣ ಹಾಕುವುದಾದರೆ ಬೈನಾಕ್ಯುಲರಿಗೆ ಹಾಕಿ. ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಮಸೂರದ್ದು ಸಾಕು. ಹೆಚ್ಚು ಹಿಗ್ಗಿಸುವುದರಲ್ಲಿ ಕೈನಡುಕವೂ ಹಿಗ್ಗುತ್ತದೆ, ನೋಟದ ಹರವು ಕಿರಿದಾಗುತ್ತದೆ.

ಬಾಯಿಪಾಠವನ್ನೂ ಬಿಡಿ. ನಿಮ್ಮ ಕಡೆಯ ಎರೆಹೊಲಗಳಲ್ಲಿ, ಕೆರೆಯಂಚಿನಲ್ಲಿ ಕೆಂಪು ಟಿಟ್ಟಿಭ ಧಾರಾಳವಾಗಿದೆ. ಕಪ್ಪು ಎದೆ, ಬಿಳಿ ಹೊಟ್ಟೆ, ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ಚರ್ಮ. ರಾತ್ರಿಯಲ್ಲೂ ಕೂಗುತ್ತಾ ಹಾರುವ ಹಕ್ಕಿ. ಅದೊಂದನ್ನೇ ಹಿಡಿದು ಕೂರಿ. ಜೀವಶಾಸ್ತ್ರದ ಮೊದಲ ಪಾಠಗಳೆಲ್ಲ ಅದರಲ್ಲೇ ಸಿಗುತ್ತವೆ.

ಕಾಲಿನಿಂದ ಆರಂಭಿಸಿ. ಗೊರವಂಕದ ಪಾದದಲ್ಲಿ ಮೂರು ಬೆರಳು ಮುಂದಕ್ಕೆ, ಒಂದು ಉದ್ದ ಬೆರಳು ಹಿಂದಕ್ಕೆ. ಕೊಂಬೆಯನ್ನು ಬಿಗಿಯಾಗಿ ಹಿಡಿಯಲು ತಕ್ಕ ಏರ್ಪಾಡು. ಟಿಟ್ಟಿಭದ ಹಿಂಬೆರಳು ತೀರಾ ಚಿಕ್ಕದು, ಓಡುವುದಕ್ಕೆ ಹೇಳಿ ಮಾಡಿಸಿದ ಕಾಲು. ಹೀಗಾಗಿ ಅದರ ಬದುಕೆಲ್ಲ ನೆಲದ ಮೇಲೆ, ಗೂಡೂ ನೆಲದ ಮೇಲೆ. ಗೂಡೆಂದರೆ ಒಂದು ತಗ್ಗು, ಸುತ್ತ ಒಂದಿಷ್ಟು ಕಲ್ಲುಚೂರು. ಮರೆಯಿಲ್ಲದ ಜಾಗದಲ್ಲಿ ಮೊಟ್ಟೆಯ ಕಲೆಗಳೇ ಮರೆ: ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಚೂಪು ತುದಿ ಒಳಮುಖವಾಗಿ, ಮಣ್ಣಿನಲ್ಲಿ ಮಣ್ಣಾಗಿ ಕೂತಿರುತ್ತವೆ. ಬಿಸಿಲು ಏರಿದಾಗ ತಾಯಿ ಅಥವಾ ತಂದೆ ನೀರಿಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುವುದೂ ಉಂಟು. ಕಾವು ಕೊಡುವುದೆಂದರೆ ಬಿಸಿ ಮಾಡುವುದಷ್ಟೇ ಅಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕವೂ ಹೇಳಲಾರದು.

ಮರಿಗಳನ್ನಂತೂ ತಪ್ಪಿಸಿಕೊಳ್ಳಬೇಡಿ. ಗುಬ್ಬಚ್ಚಿಯ ಮರಿ ಪುಕ್ಕವಿಲ್ಲದೆ, ಕಣ್ಣು ತೆರೆಯದೆ ಹುಟ್ಟುತ್ತದೆ. ಸುರಕ್ಷಿತ ಗೂಡಿದೆ, ತುತ್ತು ಕೊಡುವ ತಂದೆತಾಯಿ ಇದ್ದಾರೆ. ಟಿಟ್ಟಿಭದ ಮರಿ ಮೈತುಂಬ ತುಪ್ಪಳ ಹೊತ್ತು, ಕಣ್ಣು ಬಿಟ್ಟುಕೊಂಡೇ ಹೊರಬಂದು, ಬೇಗನೆ ಓಡಾಡಿ ತಾನೇ ಹುಳು ಹೆಕ್ಕುತ್ತದೆ. ಇಷ್ಟು ಬೆಳೆದು ಹುಟ್ಟಬೇಕಾದರೆ ಮೊಟ್ಟೆಯಲ್ಲೇ ಬುತ್ತಿ ಜಾಸ್ತಿ ಇರಬೇಕು, ಎಂದರೆ ಭಂಡಾರದ (ಮೊಟ್ಟೆಯೊಳಗಿನ ಹಳದಿ ಭಾಗದ) ಪಾಲು ದೊಡ್ಡದಿರಬೇಕು. ಕಾಲು, ಗೂಡು, ಮೊಟ್ಟೆ, ಮರಿ ಒಂದಕ್ಕೊಂದು ಹೊಂದಿಕೊಂಡಿರುವುದು ಕಂಡ ಮೇಲೆ ಬೇರೆ ಯಾವ ಹಕ್ಕಿಯನ್ನು ನೋಡಿದರೂ ಅದೇ ಪ್ರಶ್ನೆಗಳು ತಾವಾಗಿ ಏಳುತ್ತವೆ.

ನೀವು ಕಂಡ ಹೆಬ್ಬಾತುಗಳನ್ನೇ ಕೇಳಿ ನೋಡಿ. ಮಂಗೋಲಿಯಾ, ಟಿಬೆಟ್ ಕಡೆ ಮರಿಮಾಡುವ ಈ ಹಕ್ಕಿಗಳು ಹಿಮಾಲಯ ದಾಟುವುದು ಹೇಗೆ? ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ನಮ್ಮಲ್ಲಿಯಂತೆ ಬಂದ ದಾರಿಯಲ್ಲೇ ಮರಳದೆ ಒಂದೇ ದಿಕ್ಕಿಗೆ ಹರಿಯುತ್ತದೆ. ಜೊತೆಗೆ ಇವುಗಳ ಹಿಮೋಗ್ಲೋಬಿನ್ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲದು. ಮಾಗಡಿ ಕೆರೆ ಈಗ ರಾಮ್ಸಾರ್ ತಾಣ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಯಲ್ಲಿದೆ. ಅಂಥ ಕೆರೆ ನಿಮ್ಮ ಜಿಲ್ಲೆಯಲ್ಲೇ ಇದೆ ಎಂಬುದು ನಿಮ್ಮ ಭಾಗ್ಯ.

ಹೆಸರಿಗಾಗಿ ಮರ್ಲಿನ್ ಎಂಬ ಉಚಿತ ಆ್ಯಪ್ ಇದೆ. ಕೂಗು ಕೇಳಿಸಿಕೊಂಡು ಹಕ್ಕಿ ಯಾವುದಿರಬಹುದೆಂದು ಸೂಚಿಸುತ್ತದೆ. ಆದರೆ ಹಕ್ಕಿಯನ್ನು ಕಣ್ಣಾರೆ ಕಾಣುವವರೆಗೂ ಆ ಸೂಚನೆಯನ್ನು ಟಿಪ್ಪಣಿಗೆ ಸೇರಿಸಬೇಡಿ. ದಿನಾಂಕ, ಹೊತ್ತು, ಜಾಗ, ಎಷ್ಟಿದ್ದವು, ಏನು ಮಾಡುತ್ತಿದ್ದವು: ಟಿಪ್ಪಣಿಯಲ್ಲಿ ಇವಿಷ್ಟಿರಲಿ.

ಕೊನೆಯದಾಗಿ, ಇದನ್ನು ಒತ್ತಿ ಹೇಳುತ್ತೇನೆ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಹೊಲದಲ್ಲಿ ಟಿಟ್ಟಿಭ ತಲೆಯ ಮೇಲೆ ಸುತ್ತಿ ಅರಚಿದರೆ ಮೊಟ್ಟೆ ಹತ್ತಿರದಲ್ಲೇ ಇರಬಹುದು. ಹುಡುಕಬೇಡಿ, ಕಾಲಡಿ ನೋಡಿಕೊಂಡು ಬಂದ ದಾರಿಯಲ್ಲೇ ಹಿಂದಿರುಗಿ. ಅದು ಹಾರಿಕೊಂಡಿರುವಷ್ಟು ಹೊತ್ತೂ ಮೊಟ್ಟೆಗಳು ಬಿಸಿಲಿಗೂ ಕಾಗೆಗೂ ತೆರೆದಿರುತ್ತವೆ.