ಅಸ್ತ್ರ ಒಲೆಯ ಹೊಗೆ ವಾಪಸ್ ಬಂದರೆ

ಕೊಪ್ಪಳದ ಮಾಳಿಗೆ ಮನೆಯಲ್ಲಿ ಅಸ್ತ್ರ ಒಲೆ (ಕಡಿಮೆ ಕಟ್ಟಿಗೆ ಸಾಕಾಗುವ, ಹೊಗೆ ಹೊರಹೋಗುವಂತೆ ಮಾಡಿದ ಸುಧಾರಿತ ಒಲೆ) ಕೂರಿಸಿ, ಹೊಗೆ ಅಡುಗೆಮನೆಗೇ ವಾಪಸ್ ಬರುತ್ತಿದೆ ಎಂದು ಫೋಟೋ ಕಳಿಸಿ ಕೇಳಿದ್ದೀರಿ. ಕಾರಣ ಬಹುಶಃ ಹಳೆ ಹೊಗೆಗೂಡು. ಗೂಡಿನ ಅಗಲ ಜಾಸ್ತಿಯಾದರೆ ಹೊಗೆ ಅಲ್ಲೇ ತಣ್ಣಗಾಗುತ್ತದೆ, ಮೇಲೇರುವುದಿಲ್ಲ.

ಮೊದಲು ಗೂಡಿನ ಮಸಿಯನ್ನೆಲ್ಲ ಕೆರೆಸಿ. ಸುಮ್ನೆ ಬಿಟ್ಟರೆ ಅದೇ ಹೊತ್ತಿಕೊಳ್ಳುತ್ತದೆ. ಆಮೇಲೆ ಒಲೆಯಿಂದ ಮಾಳಿಗೆಯ ಮೇಲಿನವರೆಗೆ ಒಂದೇ ಅಳತೆಯ ಪೈಪ್ ಇಳಿಸಿ, ಕೆಳಗೆ ಸುತ್ತಲಿನ ಸಂದನ್ನು ತಗಡು ಇಟ್ಟು ಮಣ್ಣು ಮೆತ್ತಿ ಮುಚ್ಚಿ. ತೊಲೆ, ಜಂತಿಗೆ ಪೈಪ್ ತಾಗಲೇಬಾರದು. ಹಳೆ ಕಟ್ಟಿಗೆ ಒಳಗೊಳಗೇ ಕಾದು ಒಂದು ದಿನ ಬೆಂಕಿ ಹಿಡಿಯುತ್ತದೆ. ಮಾಳಿಗೆಯ ಮೇಲೆ 3 ಅಡಿಯಾದರೂ ಎತ್ತರ ಇರಲಿ, ತುದಿಗೆ ಟೋಪಿ ಹಾಕಿಸಿ.

ಜಾಲಿ ಕಟ್ಟಿಗೆ ಹಸಿ ಇದ್ದರೂ ಹೀಗಾಗಬಹುದು, ಫೋಟೋದಲ್ಲಿ ಅದು ತಿಳಿಯುವುದಿಲ್ಲ. ಒಣ ಪುಳ್ಳೆ ಹಚ್ಚಿ, ಒಲೆಯ ಬಾಯಿಗೆ ಊದಿನಕಡ್ಡಿ ಹಿಡಿಯಿರಿ. ಅದರ ಹೊಗೆಯನ್ನು ಒಲೆ ಒಳಗೆ ಎಳೆದುಕೊಂಡರೆ ಸರಿಯಾಯಿತು.