ಅಪಾಯ ಕಳೆದರೂ ಎದೆಬಡಿತ ಏಕೆ ಇಳಿಯುವುದಿಲ್ಲ?

ಓದುಗರೊಬ್ಬರು ಬರೆದಿದ್ದಾರೆ: "ರಸ್ತೆ ದಾಟುವಾಗ ವಾಹನವೊಂದು ಮೈಗೆ ತಾಗುವಷ್ಟು ಹತ್ತಿರ ಹಾದುಹೋಯಿತು. ಏನೂ ಆಗಿಲ್ಲವೆಂದು ಗೊತ್ತಿದ್ದರೂ ಎದೆಬಡಿತ, ಕೈನಡುಕ ಬಹಳ ಹೊತ್ತು ನಿಲ್ಲಲಿಲ್ಲ. ನರಮಂಡಲ ಚುರುಕು, ಹಾರ್ಮೋನು ನಿಧಾನ ಎಂದು ಮಗಳ ಪಠ್ಯಪುಸ್ತಕ ಹೇಳುತ್ತದೆ. ಹಾಗಾದರೆ ಇದು ಯಾವುದರ ಕೆಲಸ?"

ಎರಡರದ್ದೂ. ನರಮಂಡಲಕ್ಕೊಂದು ಪಾಠ, ಹಾರ್ಮೋನು ಸುರಿಸುವ ನಿರ್ನಾಳ ಗ್ರಂಥಿಗಳಿಗೆ ಇನ್ನೊಂದು ಪಾಠ ಎಂದು ಹಂಚಿದ್ದರಿಂದಲೇ ಈ ಗೊಂದಲ. ದೇಹದೊಳಗೆ ಇವುಗಳ ನಡುವೆ ಅಂಥ ಗೋಡೆಯಿಲ್ಲ.

ನೀವು ಹಿಂದಕ್ಕೆ ಸರಿದದ್ದು ನರಗಳಿಂದ. ವೇಗದ ನರತಂತುಗಳಲ್ಲಿ ಸಂಕೇತ ಸೆಕೆಂಡಿಗೆ 100 ಮೀಟರಿಗೂ ಹೆಚ್ಚು ವೇಗದಲ್ಲಿ ಓಡಬಲ್ಲದು. ಹೆದರಿಕೆ ಮನಸ್ಸಿಗೆ ತಿಳಿಯುವಷ್ಟರಲ್ಲಿ ಕಾಲು ಸರಿದಾಗಿರುತ್ತದೆ. ಅದೇ ಗಳಿಗೆಯಲ್ಲಿ ಮಿದುಳಿನ ಬುಡದ ಹೈಪೋಥಲಮಸ್‌ನಿಂದ ಹೊರಟ ಅಪ್ಪಣೆ ಮಿದುಳುಬಳ್ಳಿಯಲ್ಲಿ ಇಳಿದು ಹೃದಯಕ್ಕೂ, ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳಿಗೂ ಮುಟ್ಟುತ್ತದೆ.

ಈ ಗ್ರಂಥಿಯ ತಿರುಳನ್ನು ಹತ್ತಿರದಿಂದ ನೋಡಬೇಕು. ಬೇರೆ ಅಂಗಗಳಿಗೆ ಹೋಗುವಾಗ ಈ ಬಗೆಯ ನರ ದಾರಿಯಲ್ಲಿ ಇನ್ನೊಂದು ನರಕೋಶಕ್ಕೆ ಸಂದೇಶ ದಾಟಿಸುತ್ತದೆ. ಅಂಗವನ್ನು ಮುಟ್ಟುವುದು ಆ ಎರಡನೆಯ ಕೋಶ. ಅಡ್ರಿನಲ್ ತಿರುಳಿನಲ್ಲಿ ಆ ಎರಡನೆಯ ನರಕೋಶದ ಜಾಗದಲ್ಲಿ ಗ್ರಂಥಿಯ ಕೋಶಗಳೇ ಕೂತಿವೆ. ಭ್ರೂಣದಲ್ಲಿ ಎರಡೂ ಹುಟ್ಟುವುದು ಒಂದೇ ಮೂಲದಿಂದ. ನರದ ತುದಿ ತನ್ನ ರಾಸಾಯನಿಕವನ್ನು ಪಕ್ಕದ ಕೋಶಕ್ಕಷ್ಟೇ ಸುರಿದರೆ, ಈ ಗ್ರಂಥಿಕೋಶಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸುರಿಯುತ್ತವೆ. ನನಗೆ ದೇಹರಚನೆಯಲ್ಲೇ ಅತ್ಯಂತ ಸೋಜಿಗವೆನಿಸುವ ಜಾಗ ಇದು: ನರವೇ ಗ್ರಂಥಿಯಾಗಿ ನಿಂತಿದೆ.

ಹೀಗೆ ರಕ್ತ ಸೇರಿದ ಅಡ್ರಿನಲಿನ್ನನ್ನು ವಾಪಸು ಕರೆಯಲಾಗದು. ಅದರಲ್ಲಿ ಅರ್ಧದಷ್ಟು ಕರಗಲು ಎರಡು-ಮೂರು ನಿಮಿಷ ಬೇಕು, ಉಳಿದರ್ಧದಲ್ಲಿ ಅರ್ಧ ಕರಗಲು ಮತ್ತೆ ಅಷ್ಟೇ. ಆ ದೃಶ್ಯವನ್ನು ನೆನೆದಾಗಲೆಲ್ಲ ಇನ್ನಷ್ಟು ಸೇರಬಹುದು. ಜೊತೆಗೆ ಹೈಪೋಥಲಮಸ್ ತನ್ನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಮೂಲಕ ಅಡ್ರಿನಲ್‌ನ ಹೊರಪದರವನ್ನೂ ಎಬ್ಬಿಸಿರುತ್ತದೆ. ಅಲ್ಲಿಂದ ಬರುವ ಕಾರ್ಟಿಸಾಲ್ ಎಂಬ ಹಾರ್ಮೋನು ನಿಧಾನವಾಗಿ ಏರಿ, ಇಳಿಯಲು ಗಂಟೆಗಟ್ಟಲೆ ಹಿಡಿಯುತ್ತದೆ. ಅದು ಹೆಚ್ಚಾದಾಗ ಹೈಪೋಥಲಮಸ್ ಮತ್ತು ಪಿಟ್ಯುಟರಿಗಳೇ ಅದನ್ನು ಗುರುತಿಸಿ ಅಪ್ಪಣೆ ನಿಲ್ಲಿಸುತ್ತವೆ.

ಮಗಳಿಗೆ ಇನ್ನೊಂದು ಉದಾಹರಣೆ ಕೊಡಿ. ಮಗು ಮೊಲೆ ಚೀಪಿದಾಗ ಸಂಕೇತ ನರದ ಮೂಲಕ ಹೈಪೋಥಲಮಸ್‌ಗೆ ಹೋಗುತ್ತದೆ. ಅಲ್ಲಿನ ನರಕೋಶಗಳೇ ತಯಾರಿಸಿದ ಆಕ್ಸಿಟೋಸಿನ್ ಪಿಟ್ಯುಟರಿಯ ಹಿಂಭಾಗದಿಂದ ರಕ್ತಕ್ಕಿಳಿದು, ಸ್ವಲ್ಪ ಹೊತ್ತಿನಲ್ಲೇ ಹಾಲು ಇಳಿಯುತ್ತದೆ. ಎಷ್ಟೋ ತಾಯಂದಿರಿಗೆ ಮಗುವಿನ ಅಳು ಕಿವಿಗೆ ಬಿದ್ದರೂ ಸಾಕು. ಹಾರ್ಮೋನು ನಿಧಾನ ಎಂಬ ಮಾತು ಥೈರಾಯ್ಡ್ ಗ್ರಂಥಿಯ ಹಾರ್ಮೋನಾದ ಥೈರಾಕ್ಸಿನ್‌ಗೆ ಒಪ್ಪುತ್ತದೆ. ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಎಲ್ಲ ಹಾರ್ಮೋನುಗಳಿಗೂ ಒಪ್ಪುವುದಿಲ್ಲ.

ಮತ್ತೊಮ್ಮೆ ಹಾಗಾದರೆ ಕೂತು, ಉಸಿರನ್ನು ನಿಧಾನವಾಗಿ ಹೊರಬಿಡಿ. ಉಸಿರು ಬಿಡುವಾಗ ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಹೃದಯವನ್ನು ನಿಧಾನಗೊಳಿಸುತ್ತದೆ. ಕಾರಣವಿಲ್ಲದೆ ಎದೆಬಡಿತ, ನಡುಕ ಮರುಕಳಿಸುತ್ತಿದ್ದರೆ ಮಾತ್ರ ವೈದ್ಯರನ್ನು ಕಾಣಿ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದಾಗಲೂ ಇವೇ ಲಕ್ಷಣಗಳು ಕಾಣಿಸುತ್ತವೆ, ಅದನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು.

— ಸಂಪಾದಕ