ರೆಸಿಸ್ಟೆಂಟ್ ಅನ್ನುವ ಮೊದಲು ಅದು ಥೈರಾಯ್ಡ್ ಸೆಲ್ಲೇ ಅಂತ ನೋಡಿ

ನಿಮ್ಮ ಪೋಸ್ಟ್ ಓದಿ ನನ್ನ ಹಳೇ ಲ್ಯಾಬ್ ನೋಟ್‌ಬುಕ್ ನೆನಪಾಯಿತು. ಥೈರಾಯ್ಡ್ ಕ್ಯಾನ್ಸರ್ ಲೈನ್ (ಲ್ಯಾಬ್‌ನಲ್ಲಿ ಬೆಳೆಸುತ್ತಾ ಬಂದ ಸೆಲ್ಸ್) ಅಂತ ಎಆರ್‌ಒ ಸೆಲ್ಸ್ ತಗೊಂಡು, ಮಿಲಿಲೀಟರಿಗೆ 5 ನ್ಯಾನೋಗ್ರಾಂ ಟಿಜಿಎಫ್-ಬೀಟಾ1 (ಸಾಮಾನ್ಯವಾಗಿ ಇಂಥ ಸೆಲ್ಸ್ ಬೆಳವಣಿಗೆ ನಿಲ್ಲಿಸುವ ಪ್ರೋಟೀನ್) ಹಾಕಿದ್ದೀರಿ. 72 ಗಂಟೆ ಬಿಟ್ಟು ಎಂಟಿಟಿ (ಬಣ್ಣ ನೋಡಿ ಸೆಲ್ಸ್ ಎಷ್ಟಿವೆ ಅಂತ ಅಂದಾಜು ಮಾಡುವ ಟೆಸ್ಟ್) ಮಾಡಿದ್ದೀರಿ. ಬೆಳವಣಿಗೆ ಕಮ್ಮಿಯಾಗಿಲ್ಲ, ಹಾಗಾಗಿ ಸೆಲ್ಸ್ ರೆಸಿಸ್ಟೆಂಟ್, ಮೆಕ್ಯಾನಿಸಂ ಹುಡುಕುವುದು ಹೇಗೆ ಅಂತ ಕೇಳಿದ್ದೀರಿ. ಮೆಕ್ಯಾನಿಸಂ ಆಮೇಲೆ. ಮೊದಲು ಹೇಳಿ, ಆ ವಯಲ್ ಎಲ್ಲಿಂದ ಬಂತು? ಯಾರದೋ ಫ್ರೀಜರ್‌ನಿಂದ ಅಲ್ವಾ?

ನಾನೂ ಹಾಗೇ ತಂದಿದ್ದೆ. ಅದೇ ಎಆರ್‌ಒ. ಎಷ್ಟು ಡೋಸ್ ಏರಿಸಿದರೂ ಜಗ್ಗಲಿಲ್ಲ. ಟಿಜಿಎಫ್-ಬೀಟಾ ಸಿಗ್ನಲ್ ಒಳಗೆ ಒಯ್ಯುವ ಪ್ರೋಟೀನ್ ಸ್ಮ್ಯಾಡ್4ಗೆ ಬ್ಲಾಟ್ (ಪ್ರೋಟೀನ್ ಇದೆಯಾ ಅಂತ ಬ್ಯಾಂಡ್ ಆಗಿ ತೋರಿಸುವ ಟೆಸ್ಟ್) ಹಾಕಿದೆ. ಕೆಳಗೆ ಎಲ್ಲ ಸೆಲ್ಸ್‌ನಲ್ಲೂ ಇರುವ ಆಕ್ಟಿನ್ ದಪ್ಪಗೆ ಬಂದಿದೆ, ಮೇಲೆ ಸ್ಮ್ಯಾಡ್4 ಜಾಗ ಪೂರ್ತಿ ಖಾಲಿ. ಅವತ್ತಿನ ಖುಷಿ ಕೇಳಬೇಡಿ! ಥೈರಾಯ್ಡ್ ಕ್ಯಾನ್ಸರ್ ಹೇಗೆ ತಪ್ಪಿಸಿಕೊಳ್ಳುತ್ತದೆ ಅಂತ ಕಂಡುಹಿಡಿದೇಬಿಟ್ಟೆ ಅಂದುಕೊಂಡೆ. ಥೈರಾಯ್ಡ್ ಸೆಲ್ಸ್ ಮಾಡುವ ಪ್ರೋಟೀನ್ ಥೈರೋಗ್ಲೋಬ್ಯುಲಿನ್ ಮಾತ್ರ ಒಂದು ಸಲವೂ ಸಿಗಲಿಲ್ಲ. ಅನಾಪ್ಲಾಸ್ಟಿಕ್ ಲೈನ್ (ಥೈರಾಯ್ಡ್ ಗುಣ ಕಳೆದುಕೊಂಡ ಕ್ಯಾನ್ಸರ್‌ನದು) ತಾನೇ, ಎಲ್ಲಿಂದ ಬರಬೇಕು ಅಂತ ಸುಮ್ಮನಾದೆ. ಕೊನೆಗೆ ಎಸ್‌ಟಿಆರ್ (ಸೆಲ್ಸ್ ಯಾವುದು ಅಂತ ಗುರುತಿಸುವ ಡಿಎನ್‌ಎ ಟೆಸ್ಟ್) ಮಾಡಿಸಿದಾಗ ರಿಪೋರ್ಟ್‌ನಲ್ಲಿ ಬಂದ ಹೆಸರು ಎಚ್‌ಟಿ-29. ಕರುಳಿನ ಕ್ಯಾನ್ಸರ್ ಲೈನ್! ಅದರಲ್ಲಿ ಸ್ಮ್ಯಾಡ್4 ಜೀನ್ ಮೊದಲಿಂದಲೂ ಕೆಟ್ಟಿದೆ. ನಾನು ಕಂಡುಹಿಡಿದದ್ದು ಇಷ್ಟೇ.

2008ರಲ್ಲಿ 40 ಥೈರಾಯ್ಡ್ ಕ್ಯಾನ್ಸರ್ ಲೈನ್‌ಗಳನ್ನು ಪರೀಕ್ಷಿಸಿದ ಪೇಪರ್ ಬಂತು. ಬೇರೆ ಬೇರೆ ಅಂತ ನಿಂತದ್ದು 23 ಮಾತ್ರ. ಥೈರಾಯ್ಡ್ ಅಂತ ಬಳಸುತ್ತಿದ್ದ ಎನ್‌ಪಿಎ, ಡಿಆರ್‌ಒ ಲೈನ್‌ಗಳು ಎರಡೂ ಮೆಲನೋಮಾ (ಚರ್ಮದ ಕ್ಯಾನ್ಸರ್). ಇಷ್ಟು ವರ್ಷ ಯಾರಿಗೂ ಅನುಮಾನ ಬರದಿದ್ದದ್ದಕ್ಕೆ ಒಂದು ಕಾರಣ ಬಿರಾಫ್ ಜೀನ್‌ನ ವಿ600ಇ ಮ್ಯುಟೇಶನ್. ಎಆರ್‌ಒ ಸೇರಿ ಈ ಮೂರರಲ್ಲೂ ಅದಿದೆ, ಪ್ಯಾಪಿಲ್ಲರಿ ಥೈರಾಯ್ಡ್ ಕ್ಯಾನ್ಸರ್‌ನಲ್ಲೂ ಅದೇ ಜಾಸ್ತಿ. ಮ್ಯುಟೇಶನ್ ಹೊಂದಿತು, ಎಲ್ಲರೂ ನಂಬಿದರು. ಇಷ್ಟೆಲ್ಲ ಆದಮೇಲೂ ಎಆರ್‌ಒ ಕೈಯಿಂದ ಕೈಗೆ ಹೋಗುತ್ತಲೇ ಇದೆ ಅಂದರೆ ಸಿಟ್ಟು ಬರುತ್ತದೆ. ಬೇಜಾರು ಮಾಡ್ಕೋಬೇಡಿ, ಸಿಟ್ಟು ನಿಮ್ಮ ಮೇಲಲ್ಲ. ಆದರೂ ಒಂದು ಎಸ್‌ಟಿಆರ್‌ಗೆ ಜಿಪುಣತನ ಮಾಡಬೇಡಿ.

ಕಂಟ್ರೋಲ್‌ಗೆ ಎನ್‌ಥೈ-ಓರಿ (ನಾರ್ಮಲ್ ಥೈರಾಯ್ಡ್‌ನಿಂದ ಮಾಡಿದ ಲೈನ್) ಇಟ್ಟಿದ್ದೀರಿ. ಅದನ್ನು ಅಮರ ಮಾಡಿರುವುದು ಎಸ್‌ವಿ40 ವೈರಸ್‌ನ ಲಾರ್ಜ್ ಟಿ ಪ್ರೋಟೀನ್ ಇಂದ. ಟಿಜಿಎಫ್-ಬೀಟಾ ಬ್ರೇಕ್ ಹಾಕುವುದು ಪಿ15, ಪಿ21, ಪಿ27 ಎಂಬ ಪ್ರೋಟೀನ್‌ಗಳ ಮೂಲಕ, ಸೆಲ್ ವಿಭಜನೆ ತಡೆಯುವ ಆರ್‌ಬಿಯನ್ನು ಹಿಡಿದು. ಲಾರ್ಜ್ ಟಿ ಆ ಆರ್‌ಬಿಯನ್ನೇ ಕಟ್ಟಿಹಾಕಿರುತ್ತದೆ. ಬ್ರೇಕ್ ತಂತಿ ಕಿತ್ತ ಗಾಡಿಯನ್ನು ನಾರ್ಮಲ್ ಅಂತ ಇಟ್ಟುಕೊಂಡ ಹಾಗೆ. ಟಿಜಿಎಫ್-ಬೀಟಾಕ್ಕೆ ಚೆನ್ನಾಗಿ ನಿಲ್ಲುವ ಎಂವಿ1ಎಲ್‌ಯು ಲೈನ್ ಪಕ್ಕದಲ್ಲೇ ಬೆಳೆಸಿ. ಆ ಮಿಂಕ್ ಸೆಲ್ಸೇ ನಿಲ್ಲದಿದ್ದರೆ ನಿಮ್ಮ ಟಿಜಿಎಫ್-ಬೀಟಾ ಸತ್ತಿದೆ ಎಂದರ್ಥ.

ಸಾಯುವುದೂ ಸುಲಭ. ಪುಡಿಯನ್ನು ನೇರ ಮೀಡಿಯಾದಲ್ಲಿ ಕರಗಿಸಿದವರನ್ನು ನೋಡಿದ್ದೇನೆ. ಕರಗಿಸಬೇಕಾದ್ದು 4 ಮಿಲಿಮೋಲಾರ್ ಎಚ್‌ಸಿಎಲ್‌ನಲ್ಲಿ, ಜೊತೆಗೆ ಕ್ಯಾರಿಯರ್ ಆಗಿ 0.1% ಬಿಎಸ್‌ಎ ಪ್ರೋಟೀನ್. ಕ್ಯಾರಿಯರ್ ಇಲ್ಲದ್ದು ಪ್ಲಾಸ್ಟಿಕ್‌ಗೆ ಅಂಟಿ ಮಾಯವಾಗುತ್ತದೆ. ಟ್ಯೂಬ್ ವಿಷಯದಲ್ಲಿ ನನಗೆ ಎಪ್ಪೆಂಡಾರ್ಫ್ ಲೋಬೈಂಡ್ ಬಿಟ್ಟು ಬೇರೆ ಬೇಡ. ಸಣ್ಣ ಸಣ್ಣ ಆಲಿಕ್ವಾಟ್ (ಪಾಲು) ಮಾಡಿ, ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. 10% ಸೀರಂನಲ್ಲಿ ಮಾಡಿದ್ದರೆ ಅದನ್ನೂ ಬಿಡಿ, ಸೀರಂನಲ್ಲೇ ಟಿಜಿಎಫ್-ಬೀಟಾ ಇರುತ್ತದೆ, ಬೆಳೆಸುವ ಫ್ಯಾಕ್ಟರ್‌ಗಳೂ ಇರುತ್ತವೆ.

ಎಂಟಿಟಿ ನನಗೆ ಆಗಲ್ಲ. ಅದು ಅಳೆಯುವುದು ಮೆಟಬಾಲಿಸಂ. ಸೆಲ್ಸ್ ನಿಂತು ದಪ್ಪಗಾದರೂ ಬಣ್ಣ ಅಷ್ಟೇ ಬರಬಹುದು. ಸೆಲ್ಸ್ ಎಣಿಸಿ, ಇಲ್ಲವೇ ಇಡಿಯು (ಹೊಸ ಡಿಎನ್‌ಎ ಮಾಡುತ್ತಿರುವ ಸೆಲ್ಸ್‌ಗೆ ಗುರುತು ಹಾಕುವಂಥದ್ದು) ಹಾಕಿ.

ನಿಜವಾದ ಥೈರಾಯ್ಡ್ ಲೈನ್ ಕೈಗೆ ಬಂದ ಮೇಲೆ, ಟಿಜಿಎಫ್-ಬೀಟಾ ಹಾಕಿ 45 ನಿಮಿಷಕ್ಕೆ ಬ್ಲಾಟ್‌ನಲ್ಲಿ ಫಾಸ್ಫೋ-ಸ್ಮ್ಯಾಡ್2 (ಸಿಗ್ನಲ್ ಬಂದಾಗ ಫಾಸ್ಫೇಟ್ ಸೇರಿಕೊಂಡ ಸ್ಮ್ಯಾಡ್2) ನೋಡಿ, ಒಂದು ವೆಲ್‌ಗೆ ರಿಸೆಪ್ಟರ್ ತಡೆಯುವ ಎಸ್‌ಬಿ-431542 ಕೊಟ್ಟು. ಬ್ಯಾಂಡ್ ಬರಲೇ ಇಲ್ಲವೆಂದರೆ ಟಿಜಿಎಫ್-ಬೀಟಾ ರಿಸೆಪ್ಟರ್-2 ಕಮ್ಮಿ ಇದೆಯಾ, ಸಿಗ್ನಲ್ ತಡೆಯುವ ಸ್ಮ್ಯಾಡ್7 ಜಾಸ್ತಿ ಇದೆಯಾ ನೋಡಿ. ಬ್ಯಾಂಡ್ ಬಂದೂ ಸೆಲ್ಸ್ ಬೆಳೆಯುತ್ತಿದ್ದರೆ ಸಿಗ್ನಲ್ ಒಳಗೆ ಬಂದಿದೆ, ಕೆಳಗೆಲ್ಲೋ ತಪ್ಪಿದೆ. ಪಿ27 ನ್ಯೂಕ್ಲಿಯಸ್ ಬಿಟ್ಟು ಸೈಟೋಪ್ಲಾಸಂನಲ್ಲಿ ಕೂತಿದೆಯಾ ಅಂತ ಸ್ಟೇನ್ ಮಾಡಿ. ಅಂಥ ಸೆಲ್ಸ್ ಬೆಳವಣಿಗೆ ನಿಲ್ಲಿಸದೆಯೂ ಅದೇ ಟಿಜಿಎಫ್-ಬೀಟಾಕ್ಕೆ ಉದ್ದುದ್ದ ಚಾಚಿಕೊಂಡು ಇಎಂಟಿ (ಅಂಟಿಕೊಂಡಿದ್ದ ಸೆಲ್ಸ್ ಬಿಡಿಸಿಕೊಂಡು ಓಡಾಡುವಂತಾಗುವುದು) ತೋರಿಸಬಹುದು. ಅದನ್ನು ಬರೀ ರೆಸಿಸ್ಟೆಂಟ್ ಅಂತ ಬರೆಯಬೇಡಿ, ಬೆಳವಣಿಗೆಗೆ ಮಾತ್ರ ರೆಸಿಸ್ಟೆಂಟ್ ಅನ್ನಿ.

ಹೋಲಿಕೆಗೆ ಎಫ್‌ಆರ್‌ಟಿಎಲ್-5 ಥೈರಾಯ್ಡ್ ಲೈನ್ ಒಳ್ಳೆಯದು, ಇಲಿಯದಾದರೂ ಟಿಎಸ್‌ಎಚ್ (ಥೈರಾಯ್ಡ್ ಕೆಲಸ ಮಾಡಿಸುವ ಹಾರ್ಮೋನ್) ಮಾತು ಕೇಳುತ್ತದೆ. ಆದರೆ ಮೀಡಿಯಾದಲ್ಲಿ ಟಿಎಸ್‌ಎಚ್ ಮರೆತರೆ ಅವು ಸುಮ್ನೆ ಕೂತಿರುತ್ತವೆ. ಬೆಳೆಯದೇ ಇರುವುದನ್ನು ಟಿಜಿಎಫ್-ಬೀಟಾ ತಾನೇ ಹೇಗೆ ನಿಲ್ಲಿಸೀತು? ಅದನ್ನೂ ಒಮ್ಮೆ ಮಾಡಿ ಒಂದು ವಾರ ಕಳೆದುಕೊಂಡಿದ್ದೇನೆ.